ಸ್ಟೀರಿಂಗ್ ಎಳೆಯುತ್ತಿದ್ದರೆ ಬ್ರೇಕ್ ಕಡೆಯೂ ನೋಡಿ: ಮನೆಯಂಗಳದಲ್ಲೇ ಹಳೇ ಕಾರಿನ ಮುಂಭಾಗದ ರಿಪೇರಿ

ನಮ್ಮ ಮನೆಯಲ್ಲಿ 2008ರ ಒಂದು ಮಾರುತಿ 800 ಇದೆ. ಅಪ್ಪನ ಕಾರು. ಎರಡು ವರ್ಷದ ಹಿಂದೆ ಅದು ಎಡಕ್ಕೆ ಎಳೆಯಲು ಶುರು ಮಾಡಿತು. ಸ್ಟೀರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ಚರಂಡಿ ಕಡೆ ಹೊರಡುತ್ತಿತ್ತು. ಅಲೈನ್‌ಮೆಂಟ್ ಹೋಗಿದೆ, ಅಂದರೆ ಚಕ್ರಗಳ ನೇರ ತಪ್ಪಿದೆ ಅಂದುಕೊಂಡು ಒಂದು ಅಂಗಡಿಗೆ ಹೋದೆ. ಮಾಡಿಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅದೇ ಕಥೆ. ಇನ್ನೊಂದು ಅಂಗಡಿ, ಮತ್ತೆ ದುಡ್ಡು. ಮೂರನೇ ಸಲ ಮಾಡಿಸಿಕೊಂಡು ಮನೆಗೆ ಬಂದು ಇಳಿದಾಗ ಏನೋ ಸುಟ್ಟ ವಾಸನೆ. ಮುಂದಿನ ಎಡ ಚಕ್ರದ ಹತ್ತಿರ ಕೈ ಒಯ್ದರೆ ಬಚ್ಚಲೊಲೆ ಮುಂದೆ ಕೂತ ಹಾಗೆ ಕಾವು. ಬಲಗಡೆಯದು ಬರೀ ಬೆಚ್ಚಗಿತ್ತು.

ತಪ್ಪು ಸ್ಟೀರಿಂಗಿನದ್ದಾಗಿರಲೇ ಇಲ್ಲ. ಬ್ರೇಕ್ ಒತ್ತಿದಾಗ, ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಅದುಮಿ ಹಿಡಿಯುವ ಇಕ್ಕಳದಂಥ ಭಾಗವೇ ಕ್ಯಾಲಿಪರ್. ಅದು ಪಿನ್ನುಗಳ ಮೇಲೆ ಜಾರುತ್ತಿರಬೇಕು. ಎಡ ಕ್ಯಾಲಿಪರ್‌ನ ಒಂದು ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪೆಡಲಿನಿಂದ ಕಾಲು ತೆಗೆದರೂ ಪ್ಯಾಡು ಡಿಸ್ಕ್ ಬಿಡುತ್ತಿರಲಿಲ್ಲ. ಬ್ರೇಕ್ ಹಿಡಿದ ಚಕ್ರದ ಕಡೆಗೇ ಗಾಡಿ ಎಳೆಯುತ್ತದೆ, ಅಲ್ವಾ? ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಅದು ಸರಿಯಾಗುವ ಮಾತೇ ಇರಲಿಲ್ಲ.

ಅದಕ್ಕೇ ಈ ಎರಡೂ ಕೆಲಸವನ್ನು ಒಟ್ಟಿಗೆ ಬರೆಯುತ್ತಿದ್ದೇನೆ. ಸ್ಟೀರಿಂಗ್ ದೂರು ಬ್ರೇಕಿನಿಂದ ಬಂದಿರಬಹುದು, ಬ್ರೇಕ್ ದೂರು ಸ್ಟೀರಿಂಗಿನ ಕೀಲುಗಳಿಂದ ಬಂದಿರಬಹುದು. ಹೇಗೂ ಚಕ್ರ ಬಿಚ್ಚಿದ ಮೇಲೆ ಎರಡನ್ನೂ ನೋಡುವುದೇ ಲಾಭ. ನಾನು ಹೇಳುವುದು ಪವರ್ ಸ್ಟೀರಿಂಗ್, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಯಾವುದೂ ಇಲ್ಲದ ನಮ್ಮ 800ರ ಲೆಕ್ಕದಲ್ಲಿ. ಹಳೇ ಆಲ್ಟೊ, ವ್ಯಾಗನ್ಆರ್ ತರದ ಚಿಕ್ಕ ಕಾರುಗಳಲ್ಲೂ ಕೆಲಸದ ರೀತಿ ಹೆಚ್ಚುಕಡಿಮೆ ಇದೇ. ಎಬಿಎಸ್ ಲೈಟ್ ಉರಿಯುತ್ತಿದ್ದರೆ, ಏರ್‌ಬ್ಯಾಗ್ ಇರುವ ಸ್ಟೀರಿಂಗ್ ಚಕ್ರವನ್ನೇ ಬಿಚ್ಚಬೇಕಾಗಿದ್ದರೆ, ಬ್ರೇಕಿನ ಕಬ್ಬಿಣದ ಪೈಪು ತುಕ್ಕು ತಿಂದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಮೊದಲು ರೋಗ ಯಾವುದು ಅಂತ ನೋಡಿ

ಸ್ಪ್ಯಾನರ್ ಹಿಡಿಯುವ ಮುಂಚೆ ನಾಲ್ಕೂ ಟೈರಿನ ಗಾಳಿ ನೋಡಿಸಿ. ನಗಬೇಡಿ. ಒಂದು ಮುಂದಿನ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಗಾಡಿ ಆ ಕಡೆಗೇ ಎಳೆಯುತ್ತದೆ.

ಆಮೇಲೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮೊದಲ ಅನುಮಾನ ಡಿಸ್ಕ್ ಮೇಲೆ. ಬ್ರೇಕ್ ಮುಟ್ಟದೆಯೇ 80ರ ಆಸುಪಾಸಿನಲ್ಲಿ ನಡುಗಿದರೆ ಹೆಚ್ಚಾಗಿ ವೀಲ್ ಬ್ಯಾಲೆನ್ಸಿಂಗ್. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆದರೆ ಎಡಗಡೆ ಬ್ರೇಕ್ ಜಾಸ್ತಿ ಹಿಡಿಯುತ್ತಿದೆ, ಇಲ್ಲವೇ ಬಲಗಡೆಯದು ಸರಿಯಾಗಿ ಹಿಡಿಯುತ್ತಿಲ್ಲ. ಎರಡನ್ನೂ ನೋಡಬೇಕು. ನಿಧಾನಕ್ಕೆ ಗುಂಡಿ ಇಳಿಸಿ ಹತ್ತಿಸುವಾಗ ಕಾಲ ಬುಡದಲ್ಲಿ ಟಕ್ ಟಕ್ ಅಂದರೆ ಟೈ ರಾಡ್ ಎಂಡ್ (ಸ್ಟೀರಿಂಗಿನ ರಾಡು ಚಕ್ರದ ಕಡೆ ಸೇರುವ ತುದಿಯ ಕೀಲು), ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಕೆಳಗಿನ ತೋಳಿಗೆ ಸೇರಿಸುವ ಕೀಲು) ಅಥವಾ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಹಲ್ಲಿನ ಪಟ್ಟಿಯಾದ ರ‍್ಯಾಕಿನ ಬುಷ್. ಬಂದು ನಿಲ್ಲಿಸಿದ ತಕ್ಷಣ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಒಯ್ದು ನೋಡಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಕಾವಿನಲ್ಲಿ ಎಡ ಬಲಕ್ಕೆ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಬಿಸಿಯಿರುವ ಕಡೆ ಬ್ರೇಕ್ ಕಚ್ಚಿದೆ.

ಇನ್ನು ಸ್ಟೀರಿಂಗಿನ ಆಟ. ಗಾಡಿ ನಿಂತಿರುವಾಗ, ಚಕ್ರ ನೇರ ಇರುವಾಗ, ಎರಡು ಬೆರಳಲ್ಲಿ ಸ್ಟೀರಿಂಗನ್ನು ಆಚೆ ಈಚೆ ಆಡಿಸಿ. ಟೈರು ಅಲುಗುವ ಮುಂಚೆ ಸ್ಟೀರಿಂಗಿನ ಅಂಚು ಸುಮಾರು 30 ಮಿ.ಮೀ.ಗಿಂತ ಜಾಸ್ತಿ ಓಡಾಡಿದರೆ ಎಲ್ಲೋ ಸವೆದಿದೆ ಅಂತ ಅರ್ಥ.

ಎಲ್ಲಿ ಅನ್ನುವುದು ಗಾಡಿ ಎತ್ತಿದ ಮೇಲೆ ಗೊತ್ತಾಗುತ್ತದೆ. ಎತ್ತಿದ ಚಕ್ರವನ್ನು ಎಡ ಬಲ ಎರಡೂ ಬದಿಯಲ್ಲಿ ಹಿಡಿದು, ಅಂದರೆ ಗಡಿಯಾರದ 9 ಮತ್ತು 3ರ ಜಾಗದಲ್ಲಿ, ತಳ್ಳಿ ಎಳೆಯಿರಿ. ಅಲುಗಿದರೆ ಟೈ ರಾಡ್ ಎಂಡ್ ಅಥವಾ ಒಳಗಿನ ರ‍್ಯಾಕ್ ಕೀಲು. 12 ಮತ್ತು 6ರಲ್ಲಿ ಹಿಡಿದಾಗ ಅಲುಗಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಇವೆರಡರಲ್ಲಿ ಯಾವುದು? ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಅಲುಗಾಟ ನಿಂತರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಈ ಒಂದು ಉಪಾಯ ಗೊತ್ತಿದ್ದರೆ ಸುಮ್ನೆ ಬೇಡದ ಪಾರ್ಟು ತರುವುದು ತಪ್ಪುತ್ತದೆ.

ಬೇರಿಂಗ್, ಬಾಲ್ ಜಾಯಿಂಟ್, ರ‍್ಯಾಕ್ ಬುಷ್ ಈ ಮೂರನ್ನೂ ನಾನು ಗ್ಯಾರೇಜಿಗೇ ಬಿಡುತ್ತೇನೆ. ಅವಕ್ಕೆ ಪ್ರೆಸ್, ಪುಲ್ಲರ್ ಎಲ್ಲ ಬೇಕು. ಟೈ ರಾಡ್ ಎಂಡ್, ಬ್ರೇಕ್ ಪ್ಯಾಡು, ಕ್ಯಾಲಿಪರ್ ಪಿನ್ನು, ಬ್ರೇಕ್ ಆಯಿಲ್ ಇಷ್ಟನ್ನು ಅಂಗಳದಲ್ಲೇ ಮಾಡಬಹುದು.

ಸಾಮಾನು

ರಿಂಗ್ ಸ್ಪ್ಯಾನರ್ ಸೆಟ್, ಚಕ್ರದ ಪಾನಾ, ಒಂದು ಸಿ ಕ್ಲ್ಯಾಂಪ್, ಎರಡು ಸುತ್ತಿಗೆ, ತಂತಿ ಬ್ರಷ್, ಇಕ್ಕಳ, ನುಣುಪಾದ ಉಜ್ಜುಕಾಗದ, ಡಬ್ಲ್ಯೂಡಿ-40, ಬ್ರೇಕ್ ಕ್ಲೀನರ್ ಸ್ಪ್ರೇ, ರಬ್ಬರಿಗೆ ಆಗುವ ಸಿಲಿಕೋನ್ ಗ್ರೀಸ್, ನಟ್ಟು ಕಳಚದಂತೆ ತೂತಿಗೆ ತೂರಿಸಿ ಬಾಗಿಸುವ ಹೊಸ ಕಾಟರ್ ಪಿನ್ನು, ಸೀಲ್ ಒಡೆಯದ ಬ್ರೇಕ್ ಆಯಿಲ್. ಬ್ರೇಕ್ ಆಯಿಲಿನಲ್ಲಿ ಸೇರಿದ ಗಾಳಿ ತೆಗೆಯಲು ಒಂದು ಪಾರದರ್ಶಕ ಪೈಪು. ಮೀನಿನ ತೊಟ್ಟಿಗೆ ಹಾಕುವ ಪೈಪು ಸರಿಹೋಗುತ್ತದೆ.

ಟಾರ್ಕ್ ರೆಂಚ್ ಇದ್ದರೆ ಬಹಳ ಒಳ್ಳೆಯದು. ಯಾವ ಬೋಲ್ಟಿಗೆ ಎಷ್ಟು ಬಿಗಿ ಅನ್ನುವುದು ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ನನ್ನ ಗಾಡಿಯ ಅಂಕಿ ನಿಮ್ಮದಕ್ಕೆ ಹೊಂದಬೇಕಂತಿಲ್ಲ.

ಪಾರ್ಟುಗಳಲ್ಲಿ ಜಿಪುಣತನ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ. ಒಳ್ಳೆಯದೂ ಸಿಗುತ್ತದೆ, ಅದರ ತದ್ರೂಪು ಡಬ್ಬದಲ್ಲಿ ಕೆಟ್ಟದ್ದೂ ಸಿಗುತ್ತದೆ. ಸೀಟು ಕವರಿನಲ್ಲಿ ಉಳಿಸಿ, ಬ್ರೇಕ್ ಪ್ಯಾಡಿನಲ್ಲಿ ಬೇಡ. ಬಿಲ್ ಕೇಳಿ ತೆಗೆದುಕೊಳ್ಳಿ.

ಗಾಡಿ ಎತ್ತುವಾಗ

ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಹೊಳೆಯುವುದಿಲ್ಲ. ಗೇರಿನಲ್ಲಿ ಹಾಕಿದ್ದೇನೆ, ಗಾಡಿ ಎಲ್ಲಿಗೂ ಹೋಗಲ್ಲ ಅಂದುಕೊಳ್ಳುತ್ತಾರೆ. ಆದರೆ ಈ ಕಾರುಗಳಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ಗಾಳಿಯಲ್ಲಿದ್ದರೂ ಗೇರಿನ ಹಿಡಿತ ಹೋಯಿತು. ಆಮೇಲೆ ಗಾಡಿಯನ್ನು ಹಿಡಿದಿರುವುದು ಹಿಂದಿನ ಚಕ್ರದ ಹ್ಯಾಂಡ್ ಬ್ರೇಕ್ ಒಂದೇ. ಹಾಗಾಗಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಟೈರಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಸಮತಟ್ಟಾದ, ಗಟ್ಟಿ ನೆಲ ಇರಲಿ. ಮಣ್ಣಿನ ಅಂಗಳವಾದರೆ ಜಾಕಿನ ಕೆಳಗೆ ದಪ್ಪ ಹಲಗೆ.

ವೀಲ್ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಆಮೇಲೆ ಜಾಕ್ ಹಾಕಿ ಎತ್ತಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ. ಸಿಮೆಂಟಿನ ಹಾಲೋ ಬ್ಲಾಕು, ಇಟ್ಟಿಗೆ ಇಡುವ ಯೋಚನೆ ಮಾಡಬೇಡಿ. ಅವು ಬಿರುಕು ಬಿಟ್ಟು ಎಚ್ಚರಿಸುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗೆ ಗಾಡಿಯಡಿ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಟೈ ರಾಡ್ ಎಂಡ್ ಬದಲಾಯಿಸುವುದು

ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದ ಕೆಂಪು ಕೆಸರು ಕೀಲಿನ ಮೇಲಿನ ರಬ್ಬರ್ ಹೊದಿಕೆಯ, ಅಂದರೆ ಬೂಟಿನ, ಸಣ್ಣ ಬಿರುಕಲ್ಲೂ ನುಗ್ಗುತ್ತದೆ. ನಾನು ಬಿಚ್ಚಿದ ಎಂಡಿನ ಒಳಗೆ ಗ್ರೀಸ್ ಇರಲಿಲ್ಲ, ಇಟ್ಟಿಗೆ ಬಣ್ಣದ ಗಂಧದಂಥ ಪೇಸ್ಟ್ ಇತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣ ಮರಳು. ಆ ಮರಳೇ ಕೀಲನ್ನು ಅರೆದು ಹಾಕಿತ್ತು. ಬೂಟು ಹರಿದಿದ್ದರೆ, ಇವತ್ತು ಆಟ ಇಲ್ಲದಿದ್ದರೂ ನಾಳೆ ಬರುತ್ತದೆ ಅಂತಲೇ ಲೆಕ್ಕ.

ಹಿಂದಿನ ರಾತ್ರಿಯೇ ಬೋಲ್ಟು, ರಾಡಿನ ಮರೆಗಳನ್ನು (ಥ್ರೆಡ್) ತಂತಿ ಬ್ರಷ್ಷಿನಲ್ಲಿ ಉಜ್ಜಿ ಡಬ್ಲ್ಯೂಡಿ-40 ಹೊಡೆದಿಡಿ. ಬೆಳಿಗ್ಗೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಮೊದಲು ಟೈ ರಾಡನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದುಕೊಂಡು ಎಂಡಿಗೆ ಆತುಕೊಂಡಿರುವ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ. ಅದಕ್ಕಿಂತ ಜಾಸ್ತಿ ತಿರುಗಿಸಬೇಡಿ, ಅದು ಇರುವ ಜಾಗವೇ ನಿಮ್ಮ ಗುರುತು. ಪಕ್ಕದ ಮರೆಯ ಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆಯನ್ನೂ ಇಡಿ. ಆಮೇಲೆ ಕಾಟರ್ ಪಿನ್ನನ್ನು ನೇರ ಮಾಡಿ ಇಕ್ಕಳದಲ್ಲಿ ಎಳೆಯಿರಿ. ಕಿರೀಟದ ಹಾಗೆ ಸೀಳು ಇರುವ ನಟ್ಟನ್ನು ಸಡಿಲಿಸಿ, ಆದರೆ ಪೂರ್ತಿ ತೆಗೆಯದೆ ಎರಡು ಮೂರು ಮರೆ ಉಳಿಸಿ.

ಈಗ ಎಂಡನ್ನು ಸ್ಟೀರಿಂಗ್ ತೋಳಿನಿಂದ ಬಿಡಿಸಬೇಕು. ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಸುಲಭ. ಇಲ್ಲದಿದ್ದರೆ ಎರಡು ಸುತ್ತಿಗೆಯ ವಿದ್ಯೆ. ಬೋಲ್ಟಿನ ತಲೆಗೆ ಹೊಡೆಯಬೇಡಿ, ಮರೆ ಹಾಳಾಗುತ್ತದೆ. ಬೋಲ್ಟು ತೂರಿರುವ ತೋಳಿನ ಕಣ್ಣಿದೆಯಲ್ಲ, ಅದರ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಆನಿಸಿ ಹಿಡಿದು, ಎದುರು ಮಗ್ಗುಲಿಗೆ ಇನ್ನೊಂದರಲ್ಲಿ ಜೋರಾಗಿ ಹೊಡೆಯಿರಿ. ನಾಲ್ಕೈದು ಪೆಟ್ಟಿಗೆ 'ಠಪ್' ಅಂತ ಬಿಟ್ಟುಕೊಳ್ಳುತ್ತದೆ. ಉಳಿಸಿದ ನಟ್ಟು ಆಗ ಅದನ್ನು ಮುಖಕ್ಕೆ ಹಾರದಂತೆ ಹಿಡಿದಿರುತ್ತದೆ.

ಎಂಡನ್ನು ರಾಡಿನಿಂದ ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ. ಬಾಯಿಬಿಟ್ಟು ಎಣಿಸಿ. ಯಾರಾದರೂ ಕಾಫಿಗೆ ಕರೆದರೂ ಓಗೊಡಬೇಡಿ. ನನ್ನದರಲ್ಲಿ ಹದಿನೇಳೂವರೆ ಬಂತು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ ಒಂದೇ ಇದೆಯೇ ನೋಡಿ. ಬೇರೆ ಕಂಪನಿಯದಾದರೆ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರಬಹುದು. ಆಗ ಸುತ್ತಿನ ಲೆಕ್ಕಕ್ಕಿಂತ ಅಳತೆಪಟ್ಟಿಯ ಲೆಕ್ಕ ವಾಸಿ.

ಹೊಸದನ್ನು ಅಷ್ಟೇ ಸುತ್ತು ಹಾಕಿ, ಬೋಲ್ಟನ್ನು ಕಣ್ಣಿಗೆ ತೂರಿಸಿ. ಮೇಲಕ್ಕೆ ಹೋಗುತ್ತಾ ಸಣ್ಣಗಾಗುವ ಆ ಭಾಗ ಒಣಗಿ ಶುಚಿಯಾಗಿರಬೇಕು, ಅಲ್ಲಿಗೆ ಗ್ರೀಸ್ ಹಚ್ಚಬಾರದು. ನಟ್ಟು ಬಿಗಿ ಮಾಡಿದ ಮೇಲೆ ಅದರ ಸೀಳಿಗೂ ಬೋಲ್ಟಿನ ತೂತಿಗೂ ಸರಿ ಬಾರದಿದ್ದರೆ ಇನ್ನಷ್ಟು ಬಿಗಿ ಮಾಡಿ ಮುಂದಿನ ಸೀಳಿಗೆ ತನ್ನಿ. ತೂತು ಕೂಡಿಸಲು ಯಾವತ್ತೂ ಸಡಿಲಿಸಬೇಡಿ. ಕಾಟರ್ ಪಿನ್ನು ಹೊಸದೇ ಆಗಬೇಕು. ಹಳೆಯದನ್ನು ನೇರ ಮಾಡಿ ಹಾಕಿದರೆ ಅದು ಬಾಗಿದ ಜಾಗದಲ್ಲೇ ಮುರಿಯುತ್ತದೆ. ಕೊನೆಗೆ ಬೂಟು ತಿರುಚಿಲ್ಲ ಅಂತ ನೋಡಿ ಲಾಕ್ ನಟ್ಟು ಬಿಗಿ ಮಾಡಿ.

ಇದಾದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಎಣಿಸಿ ಹಾಕಿದ್ದು ಅಂಗಡಿವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲಿಕ್ಕೆ ಅಷ್ಟೇ.

ಬ್ರೇಕ್ ಪ್ಯಾಡು, ಮತ್ತು ಆ ಪಿನ್ನು

ಒಂದು ಸಲಕ್ಕೆ ಒಂದೇ ಕಡೆ ಬಿಚ್ಚಿ. ಯಾವುದು ಎಲ್ಲಿತ್ತು ಅಂತ ಮರೆತರೆ ಇನ್ನೊಂದು ಕಡೆ ನೋಡಬಹುದು ಅನ್ನುವುದು ಒಂದು ಕಾರಣ. ಎರಡೂ ಕಡೆ ಬಿಚ್ಚಿಟ್ಟು ಒಂದು ಪಿಸ್ಟನ್ (ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಲೋಹದ ದಿಂಡು) ಒಳಗೆ ತಳ್ಳಿದರೆ ಇನ್ನೊಂದು ಕಡೆಯದು ಹೊರಗೆ ಬಂದುಬಿಡಬಹುದು ಅನ್ನುವುದು ಇನ್ನೂ ದೊಡ್ಡ ಕಾರಣ.

ಬ್ರೇಕಿನ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿ ಪಂಪೂ ಬೇಡ. ಹಳೇ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಿದ್ದರೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಿರಿ, ಪಿಸ್ಟನ್ ತಳ್ಳಿದಾಗ ಉಕ್ಕುತ್ತದೆ. ಈ ಆಯಿಲ್ ಪೇಂಟಿನ ಮೇಲೆ ಬಿದ್ದರೆ ಪೇಂಟು ಏಳುತ್ತದೆ. ಬಿದ್ದ ತಕ್ಷಣ ನೀರು ಹಾಕಿ ತೊಳೆಯಿರಿ.

ಕ್ಯಾಲಿಪರ್‌ನ ಪಿನ್ ಬೋಲ್ಟುಗಳನ್ನು ಬಿಚ್ಚಿ, ಕ್ಯಾಲಿಪರನ್ನು ಎತ್ತಿ ಸ್ಪ್ರಿಂಗಿಗೆ ತಂತಿಯಲ್ಲಿ ಕಟ್ಟಿ. ರಬ್ಬರ್ ಹೋಸಿನಲ್ಲಿ ನೇತಾಡಿಸಿದರೆ ಹೋಸ್ ಒಳಗಿಂದ ಬಿರಿಯುತ್ತದೆ, ಹೊರಗೆ ಕಾಣುವುದೂ ಇಲ್ಲ.

ಪ್ಯಾಡುಗಳನ್ನು ತೆಗೆದು ಅಕ್ಕಪಕ್ಕ ಇಡಿ. ಇದು ಜಾತಕ ನೋಡಿದ ಹಾಗೆ. ಒಳಗಿನದೂ ಹೊರಗಿನದೂ ಒಂದೇ ಸಮ ಸವೆದಿದ್ದರೆ ಎಲ್ಲ ಸರಿಯಿದೆ. ಒಂದು ದಪ್ಪ, ಒಂದು ತೆಳು ಅಥವಾ ಒಂದೇ ಪ್ಯಾಡು ಒಂದು ತುದಿಯಲ್ಲಿ ಓರೆಯಾಗಿ ಸವೆದಿದ್ದರೆ ಪಿನ್ನು ಜಾರುತ್ತಿಲ್ಲ. ನನ್ನ ಎಡಗಡೆಯದರಲ್ಲಿ ಒಂದು ಪ್ಯಾಡು ಬೆರಳಿನಷ್ಟು ದಪ್ಪ ಉಳಿದಿತ್ತು, ಇನ್ನೊಂದರಲ್ಲಿ ಲೋಹ ಕಾಣುತ್ತಿತ್ತು. ಮೂರು ಅಲೈನ್‌ಮೆಂಟಿನ ದುಡ್ಡು ನೆನಪಾಯಿತು. ಪ್ಯಾಡಿನಲ್ಲಿ ಡಿಸ್ಕಿಗೆ ಉಜ್ಜುವ ಮಾಲು 3 ಮಿ.ಮೀ.ಗೆ ಬಂದಿದ್ದರೆ ಬದಲಾಯಿಸುವ ಕಾಲ ಬಂತು, ಅದೂ ಎರಡೂ ಚಕ್ರದ್ದು ಒಟ್ಟಿಗೆ.

ಪಿನ್ನುಗಳನ್ನು ಎಳೆದು ತೆಗೆಯಿರಿ. ಮೇಲಿನದು ಕೆಳಗಿನದು ಬೇರೆ ಬೇರೆ ಆಗಿರಬಹುದು, ಅದಲುಬದಲು ಮಾಡಬೇಡಿ. ಹಳೇ ಗ್ರೀಸು ಗಟ್ಟಿಯಾಗಿ ಬೆಲ್ಲದ ಪಾಕದ ಹಾಗಾಗಿರುತ್ತದೆ. ಒರೆಸಿ, ಸಣ್ಣ ತುಕ್ಕಿದ್ದರೆ ಉಜ್ಜುಕಾಗದ ಆಡಿಸಿ. ಗುಳಿ ಬಿದ್ದಿದ್ದರೆ ಹೊಸ ಪಿನ್ನೇ ಹಾಕಿ. ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಮನೆಯಲ್ಲಿರುವ ಬೇರಿಂಗ್ ಗ್ರೀಸ್ ಬೇಡ, ರಬ್ಬರ್ ಊದಿಕೊಂಡು ಮತ್ತೆ ಕಚ್ಚುತ್ತದೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸವನ್ನೂ ಇಲ್ಲಿ ಬಿಡಿ. ಹಾಕಿದ ಮೇಲೆ ಪಿನ್ನು ಬೆರಳಲ್ಲಿ ಒತ್ತಿದರೆ ಹೋಗಬೇಕು, ಎಳೆದರೆ ಬರಬೇಕು.

ಡಿಸ್ಕಿನ ಅಂಚಿನಲ್ಲಿ ಉಗುರಾಡಿಸಿ. ದೊಡ್ಡ ಏಣು, ಆಳದ ಗೆರೆಗಳಿದ್ದರೆ ವರ್ನಿಯರ್ ಅಳತೆಗೋಲಿನಲ್ಲಿ ನಾಲ್ಕೈದು ಕಡೆ ದಪ್ಪ ಅಳೆಯಿರಿ. ಕನಿಷ್ಠ ದಪ್ಪ ಎಷ್ಟಿರಬೇಕು ಅನ್ನುವುದು ಹೆಚ್ಚಾಗಿ ಡಿಸ್ಕಿನ ಮೇಲೇ ಕೊರೆದಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಹೊಸ ಪ್ಯಾಡು ಹಾಕುವುದು ದಂಡ.

ಹಳೇ ಪ್ಯಾಡೊಂದನ್ನು ಪಿಸ್ಟನ್ನಿಗೆ ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ನಿಧಾನಕ್ಕೆ ಒಳಗೆ ತಳ್ಳಿ. ಸಲೀಸಾಗಿ ಹೋಗಬೇಕು. ಹಟ ಮಾಡಿದರೆ ಅಥವಾ ರಬ್ಬರಿನ ಸುತ್ತ ಒದ್ದೆಯಿದ್ದರೆ ಕ್ಯಾಲಿಪರ್‌ಗೇ ಕೆಲಸ ಇದೆ, ಗ್ಯಾರೇಜಿಗೆ ಕೊಡಿ. ಪ್ಯಾಡು ಕೂರುವ ಜಾಗವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಹೊಸ ಪ್ಯಾಡು ಇಡಿ. ಅದರ ಮುಖಕ್ಕೆ ಗ್ರೀಸ್ ಕೈ ತಾಗಬಾರದು. ಕ್ಯಾಲಿಪರ್ ಕೂರಿಸಿ, ಹೋಸ್ ತಿರುಚಿಲ್ಲ ಅಂತ ನೋಡಿ, ಬೋಲ್ಟ್ ಬಿಗಿ ಮಾಡಿ.

ಈಗ, ಇನ್ನೊಂದು ಕಡೆಗೆ ಹೋಗುವ ಮುಂಚೆಯೇ, ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿ. ಮೊದಲ ಎರಡು ಮೂರು ಸಲ ಅದು ನೆಲ ಮುಟ್ಟುವ ಹಾಗೆ ಹೋಗುತ್ತದೆ. ಇದನ್ನು ಮರೆತು ಗಾಡಿ ತೆಗೆದವರು ಗೇಟು ಗುದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬ್ರೇಕ್ ಆಯಿಲ್ ಮತ್ತು ಗಾಳಿ

ಪ್ಯಾಡು ಮಾತ್ರ ಬದಲಾಯಿಸಿದರೆ ಗಾಳಿ ತೆಗೆಯಬೇಕಾಗಿಲ್ಲ. ಆದರೆ ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಇದೇ ಸಮಯ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಒಂದು ಸಲ ನನ್ನ ಪೆಡಲು ಸ್ಪಂಜಿನ ಹಾಗೆ ಮೆತ್ತಗಾಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ. ಹೊಸ ಡಾಟ್ 3 ಗ್ರೇಡಿನ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಕುಡಿದದ್ದಕ್ಕೆ ಈ ಮಿತಿ 140ಕ್ಕೆ ಇಳಿದಿರುತ್ತದೆ. ಕುದ್ದರೆ ಪೈಪಿನಲ್ಲಿ ಆವಿ. ಆವಿ ಒತ್ತಿದರೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹೋದ ವರ್ಷ ತೆರೆದಿಟ್ಟ ಬಾಟಲಿಯ ಆಯಿಲ್ ಹಾಕಬಾರದು ಅನ್ನುವುದೂ ಇದಕ್ಕೇ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗ್ರೇಡೇ ಹಾಕಿ. ಸಿಲಿಕೋನ್‌ನ ಡಾಟ್ 5 ಬೇರೆ ಜಾತಿ, ಬೆರೆಸಬೇಡಿ.

ಇದಕ್ಕೆ ಇಬ್ಬರು ಬೇಕು. ನಮ್ಮಲ್ಲಿ ಪೆಡಲ್ ಕೆಲಸ ಅಕ್ಕನ ಮಗಳದ್ದು. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಗಾಡಿಯಲ್ಲಿ ಪೆಡಲ್ ಪೂರ್ತಿ ನೆಲಕ್ಕೆ ಹೋದರೆ ಪೆಡಲಿನ ಒತ್ತನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನ ರಬ್ಬರು ಎಂದೂ ಓಡಾಡದ ತುಕ್ಕಿನ ಜಾಗಕ್ಕೆ ಉಜ್ಜಿ ಹರಿಯಬಹುದು.

ಬಲಗಡೆ ಸ್ಟೀರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಬಲಗಡೆ ಇರುತ್ತದೆ. ಹಾಗಾಗಿ ದೂರದ ಎಡ ಚಕ್ರ ಮೊದಲು, ಆಮೇಲೆ ಬಲ. ಕ್ಯಾಲಿಪರಿನಲ್ಲಿ ಗಾಳಿ ಹೊರಬಿಡುವ ಸಣ್ಣ ತಿರುಪು ಇರುತ್ತದೆ, ಬ್ಲೀಡ್ ನಿಪ್ಪಲ್ ಅಂತ. ಅದಕ್ಕೆ ರಿಂಗ್ ಸ್ಪ್ಯಾನರ್ ಹಾಕಿ, ಮೇಲೆ ಪೈಪು ಸಿಕ್ಕಿಸಿ, ಪೈಪಿನ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ.

"ಒತ್ತು."

"ಒತ್ತಿದೀನಿ ಮಾವ."

ನಿಪ್ಪಲ್ ಕಾಲು ಸುತ್ತು ತೆರೆಯಿರಿ, ಗುಳ್ಳೆ ಬರುತ್ತದೆ. ಮುಚ್ಚಿ. "ಬಿಡು." ಮುಚ್ಚುವ ಮುಂಚೆ ಅವಳು ಕಾಲು ತೆಗೆದರೆ ಹೋದ ಗಾಳಿ ವಾಪಸ್ ಬರುತ್ತದೆ, ಹಾಗಾಗಿ ಈ ಮಾತುಕತೆ ಬೇಕೇ ಬೇಕು. ಗುಳ್ಳೆ ನಿಂತು ತಿಳಿ ಆಯಿಲ್ ಬರುವವರೆಗೆ ಇದೇ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಡಬ್ಬಿ ಖಾಲಿಯಾಗಿ ಗಾಳಿ ಎಳೆದುಕೊಂಡರೆ ಕೆಲಸ ಮೊದಲಿನಿಂದ.

ಎಷ್ಟು ತೆಗೆದರೂ ಪೆಡಲು ಗಟ್ಟಿಯಾಗದಿದ್ದರೆ ನಿಪ್ಪಲ್ ಎಲ್ಲಿದೆ ನೋಡಿ. ಗೆಳೆಯನೊಬ್ಬ ಎರಡೂ ಕ್ಯಾಲಿಪರ್ ಹೊಸದು ತಂದು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದ. ನಿಪ್ಪಲ್ ಕೆಳಗೆ ಬಂದಿತ್ತು. ಗಾಳಿ ಮೇಲೇ ಕೂತಿತ್ತು, ಅವನು ಮಧ್ಯಾಹ್ನದವರೆಗೆ ಆಯಿಲ್ ಸುರಿದ.

ತೆಗೆದ ಹಳೇ ಆಯಿಲನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಡಿ.

ರಸ್ತೆಗೆ ಇಳಿಸುವ ಮುಂಚೆ

ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಗಾಡಿ ಇಳಿಸಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಹೋಸ್ ಎಲ್ಲೂ ಟೈರಿಗೆ ಉಜ್ಜುತ್ತಿಲ್ಲ ತಾನೇ? ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ, ಗಾಡಿ ತೆಗೆಯಬೇಡಿ.

ಮೊದಲ ಓಟ ಅಂಗಳದಲ್ಲೇ, ನಡಿಗೆಯ ವೇಗದಲ್ಲಿ. ಬ್ರೇಕ್ ಹಿಡಿದರೆ ಖಾಲಿ ರಸ್ತೆಗೆ ಹೋಗಿ 50ರಿಂದ 10ಕ್ಕೆ ಹದವಾಗಿ ವೇಗ ಇಳಿಸಿ. ಹೀಗೆ ಹತ್ತು ಹನ್ನೆರಡು ಸಲ, ನಡುವೆ ಡಿಸ್ಕ್ ಆರಲು ಸ್ವಲ್ಪ ದೂರ ಬಿಟ್ಟು. ಹೊಸ ಪ್ಯಾಡು ಡಿಸ್ಕಿಗೆ ಕೂರುವುದು ಹೀಗೆ. ಆ ದಿನ ಘಾಟಿ ಇಳಿಯುವ ಪ್ರಯಾಣ ಇಟ್ಟುಕೊಳ್ಳಬೇಡಿ.

ಅಲ್ಲಿಂದ ಸೀದಾ ಅಲೈನ್‌ಮೆಂಟ್ ಅಂಗಡಿಗೆ. ಟೈ ರಾಡ್ ಎಂಡ್ ಬದಲಾಗಿದೆ ಅಂತ ಹೇಳಿ, ಸ್ಟೀರಿಂಗ್ ಚಕ್ರವನ್ನು ನೇರ ಇಟ್ಟುಕೊಂಡೇ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸರಿ ಮಾಡಲು ಕೇಳಿ. ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್ಟು, ಕಾಟರ್ ಪಿನ್ನು, ಆಯಿಲ್ ಡಬ್ಬಿ ಮೂರನ್ನೂ ಒಮ್ಮೆ ನೋಡಿ. ಮತ್ತು ನಿಲ್ಲಿಸಿದ ತಕ್ಷಣ ಎರಡೂ ಚಕ್ರದ ಹತ್ತಿರ ಅಂಗೈ ಒಯ್ಯಿರಿ. ನನ್ನದು ಈಗ ಎರಡೂ ಕಡೆ ಒಂದೇ ಸಮ ಬೆಚ್ಚಗಿದೆ.